ಮೂರನೇ ಕಿಟಕಿಯ ದೂರು

"ಇದನ್ನ ಬರೆದವರು ಯಾರು?"

ಆ ದನಿಯಲ್ಲಿ ಕೂಗಾಟವಿರಲಿಲ್ಲ. ಆದರೂ ಆ ಉದ್ದನೆಯ ಕೋಣೆಯಲ್ಲಿ ಕೀಬೋರ್ಡುಗಳ ಸದ್ದು ಒಂದೊಂದಾಗಿ ನಿಂತುಹೋಯಿತು.

ಬಾಗಿಲಲ್ಲಿ ಒಬ್ಬ ತರುಣ ನಿಂತಿದ್ದ. ಇಸ್ತ್ರಿ ಮಾಡಿದ ನೀಲಿ ಅಂಗಿ, ಒಂದು ಕೈಯಲ್ಲಿ ಬಿಳಿ ಕೋಲು, ಕಂಕುಳಲ್ಲಿ ಲ್ಯಾಪ್‌ಟಾಪ್. ಕೋಲಿನ ತುದಿಯಿಂದ ಹತ್ತಿರದ ಮೇಜನ್ನು ಹುಡುಕಿ, ಲ್ಯಾಪ್‌ಟಾಪ್ ಅದರ ಮೇಲಿಟ್ಟು ತೆರೆದ. ಏನೋ ಟೈಪ್ ಮಾಡಿ ಎಂಟರ್ ಒತ್ತಿದ.

ಯಂತ್ರದ ದನಿಯೊಂದು ಇಡೀ ಕೋಣೆಗೆ ಕೇಳುವ ಹಾಗೆ ಶುರುವಾಯಿತು.

"ಹುಡುಕುತ್ತಿದೆ. ಕಪ್ಪು ಕೊಡೆ, ಮರದ ಹಿಡಿ. ಹುಡುಕುತ್ತಿದೆ. ಕಪ್ಪು ಕೊಡೆ, ಮರದ ಹಿಡಿ. ಕಪ್ಪು ಕೊಡೆ, ಹಿಡಿ ಮುರಿದಿದೆ. ಹುಡುಕುತ್ತಿದೆ. ಕಪ್ಪು ಕೊಡೆ, ಮರದ ಹಿಡಿ. ಕಪ್ಪು ಕೊಡೆ, ಹಿಡಿ ಮುರಿದಿದೆ. ಕಪ್ಪು ಕೊಡೆ, ಮಡಚುವಂಥದ್ದು. ಹುಡುಕುತ್ತಿದೆ. ಕಪ್ಪು ಕೊಡೆ, ಮರದ ಹಿಡಿ..."

ಯಾರೋ ಕಿಸಕ್ಕೆಂದರು. ನಗು ಮೇಜಿನಿಂದ ಮೇಜಿಗೆ ಹರಡಿತು.

ನಗದೇ ಇದ್ದವಳು ಒಬ್ಬಳೇ. ಕಿಟಕಿಯ ಪಕ್ಕದ ಮೇಜಿನವಳು. ಮನೆಯಲ್ಲೂ ಆಫೀಸಿನಲ್ಲೂ ಎಲ್ಲರೂ ಅವಳನ್ನು ಕರೆಯುವುದು 'ಗಡಿಬಿಡಿ' ಎಂದೇ. ತಿಂಡಿಯೂ ಗಡಿಬಿಡಿ, ನಡಿಗೆಯೂ ಗಡಿಬಿಡಿ, ಅಳುವೂ ಗಡಿಬಿಡಿ. ಈಗ ಮಾತ್ರ ಅವಳ ಕೈಕಾಲು ಅಲ್ಲಾಡಲಿಲ್ಲ. ಯಾಕೆಂದರೆ ಅದನ್ನು ಬರೆದವಳು ಅವಳೇ!

"ನಾನು..." ಎಂದು ಎದ್ದಳು. ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ದಢಾರನೆ ಬಿತ್ತು.

ಅವನು ಸದ್ದು ಬಂದ ಕಡೆ ಮುಖ ತಿರುಗಿಸಿದ.

"ನೀವಾ? ನಾನು ರೈಲು ನಿಲ್ದಾಣದ ಕಳೆದುಹೋದ ವಸ್ತುಗಳ ಕಚೇರಿಯಿಂದ ಬಂದಿದ್ದೀನಿ. ಮೂರನೇ ಕಿಟಕಿ."

ಮೂರನೇ ಕಿಟಕಿ! ಆ ಹೆಸರಿನಲ್ಲಿ ಬಂದ ದೂರುಗಳನ್ನು ಅವಳು ಒಂದಾದ ಮೇಲೆ ಒಂದರಂತೆ ಮುಚ್ಚಿ ಹಾಕಿದ್ದಳು. 'ಸಾಲುಗಳನ್ನು ಮತ್ತೆ ಮತ್ತೆ ಓದುತ್ತಿದೆ, ಕೊನೆ ಮುಟ್ಟುತ್ತಿಲ್ಲ' ಎಂದು ಅವನು ಬರೆದರೆ, ಪರದೆ ಏನನ್ನಾದರೂ ಓದುತ್ತದೆಯೇ, ಇವರಿಗೆಲ್ಲೋ ತಲೆ ಕೆಟ್ಟಿದೆ ಎಂದುಕೊಂಡಿದ್ದಳು. ಪ್ರತಿ ಸಲವೂ ಒಂದೇ ಉತ್ತರ ಅಂಟಿಸಿದ್ದಳು.

"'ನಮ್ಮಲ್ಲಿ ಸರಿಯಾಗಿ ಕಾಣುತ್ತಿದೆ' ಅಂತ ಬರೆದಿದ್ರಲ್ಲ," ಅವನೆಂದ. "ಹೇಗೆ ಕಾಣುತ್ತೆ ಅಂತ ನನಗೂ ಒಂದ್ಸಲ ತೋರಿಸಿಬಿಡಿ. ನೋಡೋಣ."

ಕೋಣೆಯಲ್ಲಿ ಈಗ ಯಾರೂ ನಗಲಿಲ್ಲ.

"ನೀವು... ಮೊದಲೇ ಹೇಳಬಹುದಿತ್ತಲ್ಲ..."

"ಏನಂತ?"

"ನಿಮಗೆ... ಅಂದ್ರೆ... ಕಣ್ಣು..."

"ಟೂಲ್ ಕೆಟ್ಟಿದೆ ಅನ್ನೋಕೆ ನನ್ನ ಕಣ್ಣಿನ ಕಥೆ ಯಾಕೆ ಬೇಕು ಮೇಡಂ? ಕೆಟ್ಟಿರೋದು ಟೂಲು."

ಅವಳು ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದಳು. ಕೆನ್ನೆ ಕೆಂಡವಾಗಿತ್ತು.

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವಳ ಕಂಪನಿ ಮಾಡಿದ, ನಿಲ್ದಾಣದವರೂ ಬಳಸುವ ಡೇಟಾಬೇಸಿಗೆ ಒಂದು ಹಳೆಯ ಕಮಾಂಡ್ ಟೂಲ್ ಇತ್ತು. ಚಿತ್ರವಿಲ್ಲ, ಬಟನ್ ಇಲ್ಲ, ಬರೀ ಕಪ್ಪು ಪರದೆ. ಬೇಕಾದ್ದನ್ನು ಟೈಪ್ ಮಾಡಿ ಕೇಳಿದರೆ ಅಕ್ಷರಗಳಲ್ಲಿ ಉತ್ತರ ಬರುತ್ತದೆ, ಅಷ್ಟೇ. ಅವನ ಲ್ಯಾಪ್‌ಟಾಪಿನ ಓದುವ ದನಿ ಆ ಅಕ್ಷರಗಳನ್ನು ಅವನಿಗೆ ಓದಿ ಹೇಳುತ್ತಿತ್ತು. ವರ್ಷಗಳಿಂದ ಹೀಗೇ ನಡೆದಿತ್ತು.

ನಮ್ಮ ಗಡಿಬಿಡಿ ಡೇಟಾಬೇಸಿನ ಒಳಭಾಗವನ್ನು ಹೊಸದಾಗಿ ಕಟ್ಟಿದ್ದಳು. ಮೊದಲು ಎಲ್ಲವನ್ನೂ ಹುಡುಕಿ ಮುಗಿಸಿ ಒಮ್ಮೆಲೇ ಉತ್ತರ ಕೊಡುತ್ತಿತ್ತು. ಈಗ ಸಿಕ್ಕಿದ್ದನ್ನು ಸಿಕ್ಕ ಹಾಗೇ ತುಂಡು ತುಂಡಾಗಿ ಕಳಿಸುತ್ತಿತ್ತು. ಪ್ರತಿ ತುಂಡು ಬಂದಾಗಲೂ ಟೂಲ್ ಇಡೀ ಪಟ್ಟಿಯನ್ನು ಅಳಿಸಿ ಮೊದಲಿಂದ ಬರೆಯುತ್ತಿತ್ತು. ಕಣ್ಣಿಗೆ ಅದು ಬಳ್ಳಿ ಬೆಳೆದ ಹಾಗೆ ಕಾಣುತ್ತಿತ್ತು. ಮೇಲಿನವರೆಲ್ಲ ಅವಳ ಬೆನ್ನು ತಟ್ಟಿದ್ದರು. ಆದರೆ ದನಿಗೆ? ಪ್ರತಿ ಸಲವೂ ಮೊದಲಿಂದ ಶುರು!

"ಫೋನಲ್ಲಿ ಜನ ಕಾಯ್ತಾ ಇರ್ತಾರೆ," ಅವನು ಲ್ಯಾಪ್‌ಟಾಪ್ ಮಡಚುತ್ತ ಹೇಳಿದ. "ಇದು ಕೊನೆ ಮುಟ್ಟೋ ಅಷ್ಟರಲ್ಲಿ ಅವರು ಫೋನ್ ಇಟ್ಟುಬಿಡ್ತಾರೆ. ತಿಂಗಳ ಕೊನೆಗೆ ನನ್ನ ಕಿಟಕಿ ಮುಚ್ತಾರಂತೆ. ಉಳಿದವರಿಗೆ ಚಿತ್ರದ ಹೊಸ ಪರದೆ ಬರುತ್ತೆ, ನನ್ನ ಓದೋ ದನಿಗೆ ಅದು ಬಾಯೇ ಬಿಡಲ್ಲ. ನನ್ನನ್ನ ಗೋದಾಮಿನಲ್ಲಿ ಚೀಟಿ ಕಟ್ಟೋಕೆ ಕೂರಿಸ್ತಾರೆ."

"ಇಲ್ಲ!" ಅವಳ ಬಾಯಿಂದ ತಾನಾಗೇ ಬಂತು. "ನಾನು ಸರಿ ಮಾಡ್ತೀನಿ."

"ನೋಡೋಣ," ಎಂದು ಅವನು ಹೊರಟ. ಆ ಮಾತಿನಲ್ಲಿ ನಂಬಿಕೆ ಒಂದು ಚೂರೂ ಇರಲಿಲ್ಲ.

ಮರುದಿನವೇ ಅವಳು ಆ ಕಚೇರಿಗೆ ಹೋದಳು.

ಅದೊಂದು ಗಾಜಿನ ಚಾವಣಿಯ ದೊಡ್ಡ ಹಜಾರ. ಮೇಲಿಂದ ಬಿಸಿಲು ಹಾಲಿನ ಬಣ್ಣಕ್ಕೆ ತಿರುಗಿ ಇಳಿಯುತ್ತಿತ್ತು. ಗೋಡೆಯುದ್ದಕ್ಕೂ ಕೊಡೆಗಳು, ಟೋಪಿಗಳು, ಜೋಡಿ ಕಳೆದುಕೊಂಡ ಕೈಗವಸುಗಳು. ಒಂದು ಮೂಲೆಯಲ್ಲಿ ಪಿಟೀಲು, ಅದರ ಪಕ್ಕ ಯಾರದೋ ಮದುವೆಯ ಬೂಟು. ದೂರದಲ್ಲಿ ರೈಲುಗಳು ಬಂದು ಹೋಗುವ ಸದ್ದು ನಿದ್ದೆಯಲ್ಲಿ ಕೇಳಿದ ಹಾಗೆ ಕೇಳುತ್ತಿತ್ತು. ಯಾರೋ ಕಂಡು ಅರ್ಧಕ್ಕೆ ಬಿಟ್ಟುಹೋದ ಕನಸಿನೊಳಗೆ ಕಾಲಿಟ್ಟಂತೆ ಅವಳಿಗೆ ಅನಿಸಿತು.

ಹಾಗೇ ಮೇಲೆ ನೋಡುತ್ತ ನಡೆದು ಬಾಗಿಲ ಪಕ್ಕದ ಸ್ಟೂಲಿಗೆ ಡಿಕ್ಕಿ ಹೊಡೆದಳು.

"ಬನ್ನಿ ಮೇಡಂ," ಮೂರನೇ ಕಿಟಕಿಯಿಂದ ದನಿ ಬಂತು.

"ನಾನೇ ಅಂತ ಹೇಗೆ ಗೊತ್ತಾಯ್ತು? ಹೆಜ್ಜೆ ಸದ್ದು ಕೇಳಿ ಕಂಡುಹಿಡಿದ್ರಾ?"

"ಅದೆಲ್ಲ ಸಿನಿಮಾದಲ್ಲಿ. ನಿನ್ನೆ ಕುರ್ಚಿ ಬೀಳಿಸಿದ್ರಿ, ಇವತ್ತು ಸ್ಟೂಲು. ಊರಲ್ಲಿ ಇಂಥವರು ಎಷ್ಟು ಜನ ಇರ್ತಾರೆ?"

ಪಕ್ಕದ ಕಿಟಕಿಯಲ್ಲಿ ಕೂತಿದ್ದ ಕಚೇರಿಯ ಮುಖ್ಯಸ್ಥೆ ಮುಸಿಮುಸಿ ನಕ್ಕರು. ಬಿಳಿಗೂದಲ ಗುಂಡನೆಯ ಹೆಂಗಸು. ಹಜಾರದವರೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು.

"ಸ್ಟೂಲ್ ಮುರಿದ್ರೂ ಪರವಾಗಿಲ್ಲಮ್ಮ, ಆ ಟೂಲ್ ಸರಿ ಮಾಡು," ಎಂದರು ದೊಡ್ಡಮ್ಮ. "ಇವನಷ್ಟು ಬೇಗ ಹುಡುಕೋರು ಇಲ್ಲಿ ಇನ್ನೊಬ್ಬರಿಲ್ಲ. ಆದ್ರೆ ಮೇಲಿನವರು ನನ್ನ ಮಾತು ಕೇಳ್ಬೇಕಲ್ಲ!"

ಅವಳು ಅವನ ಪಕ್ಕ ಕುರ್ಚಿ ಎಳೆದುಕೊಂಡಳು. ಅಷ್ಟರಲ್ಲಿ ಫೋನ್ ಬಂತು. ಅಜ್ಜಿಯೊಬ್ಬರು ಕೈಗವಸು ಕಳೆದುಕೊಂಡಿದ್ದರು.

"ಎಡಗೈದಾ ಅಜ್ಜಿ, ಬಲಗೈದಾ? ಒಳಗಡೆ ಏನು ಬಟ್ಟೆ? ಮೆತ್ತಗಿದೆಯಾ? ಹೆಬ್ಬೆರಳ ಹತ್ತಿರ ಹೊಲಿಗೆ ಬಿಟ್ಟಿದೆಯಾ?"

ಅವನು ಕೇಳುತ್ತಿದ್ದ ರೀತಿಗೆ ಅವಳು ಬೆರಗಾದಳು. ಜಗತ್ತಿನಲ್ಲಿ ಆ ಕೈಗವಸಿಗಿಂತ ದೊಡ್ಡ ಸಂಗತಿ ಬೇರೊಂದಿಲ್ಲ ಎನ್ನುವ ಹಾಗೆ ಕೇಳುತ್ತಿದ್ದ. ಟೈಪ್ ಮಾಡಿದ. ದನಿ ಶುರುವಾಯಿತು. 'ಹುಡುಕುತ್ತಿದೆ. ಹುಡುಕುತ್ತಿದೆ...' ಕೊನೆಗೆ ದೊಡ್ಡಮ್ಮನೇ ತಮ್ಮ ಪರದೆಯಲ್ಲಿ ನೋಡಿ ಹೇಳಬೇಕಾಯಿತು. ಅಷ್ಟರಲ್ಲಿ ಅಜ್ಜಿ ಫೋನ್ ಇಟ್ಟುಬಿಟ್ಟಿದ್ದರು.

ಅವನು ರಿಸೀವರನ್ನು ಮೆಲ್ಲಗೆ ಕೆಳಗಿಟ್ಟ. ಆ ಮೆಲ್ಲಗಿನ ಸದ್ದು ಅವಳನ್ನು ಬೈಗುಳಕ್ಕಿಂತ ಜಾಸ್ತಿ ನೋಯಿಸಿತು.

"ಪರದೆ ಆರಿಸಿ," ಅವಳೆಂದಳು. "ನನಗೂ ಕೇಳಿಸಿ. ನಿಮ್ಮ ಹಾಗೇ."

"ನಿಮ್ಮ ಕೈಲಿ ಆಗಲ್ಲ. ನನ್ನ ವೇಗ ಜಾಸ್ತಿ."

"ಕೇಳಿಸಿ ಅಂದ್ನಲ್ಲ!"

ಅವನು ಒಂದು ಇಯರ್‌ಫೋನ್ ಅವಳತ್ತ ಚಾಚಿದ. ಇನ್ನೊಂದು ಅವನ ಕಿವಿಯಲ್ಲೇ ಇತ್ತು. ಅವಳಿಗೆ ಕೇಳಿದ್ದು ದುಂಬಿಯ ಗುಂಯ್ ಗುಂಯ್ ಮಾತ್ರ.

"ಇದು ಯಾವ ಭಾಷೆ?"

"ಕನ್ನಡಾನೇ!" ಅವನು ಮೊದಲ ಸಲ ನಕ್ಕ. "ತಾಳಿ, ನಿಮಗೋಸ್ಕರ ನಿಧಾನ ಮಾಡ್ತೀನಿ."

ದನಿ ನಿಧಾನವಾಯಿತು. ಅಯ್ಯೋ, ಆ ನಗು... ಅದನ್ನೂ ಸ್ವಲ್ಪ ನಿಧಾನ ಮಾಡುವಂತಿದ್ದರೆ ಎಂದು ಅವಳ ಮನಸ್ಸು ಹೇಳಿತು. 'ಥೂ, ಕೆಲಸ ನೋಡೇ' ಎಂದು ತನ್ನನ್ನು ತಾನೇ ಗದರಿಕೊಂಡಳು.

ಆಮೇಲೆ ಅವಳು ದಿನಾ ಮಧ್ಯಾಹ್ನ ಹೋಗತೊಡಗಿದಳು. ಕೆಲಸಕ್ಕೇ ಹೋಗುತ್ತಿದ್ದಳು, ಅದರಲ್ಲಿ ಅನುಮಾನ ಬೇಡ. ಆದರೆ ಕೆಲಸ ಮುಗಿದ ಮೇಲೂ ಎದ್ದು ಬರುವುದು ಯಾಕೋ ತಡವಾಗುತ್ತಿತ್ತು. ಅವನು ಕಳೆದುಹೋದ ವಸ್ತುಗಳ ಕಥೆ ಹೇಳುತ್ತಿದ್ದ. ಅವಳು ತನ್ನ ಅಡ್ಡಹೆಸರಿನ ಕಥೆ ಹೇಳಿ, ಬಾಸಿನ ನಕಲು ಮಾಡಿ ನಗಿಸುತ್ತಿದ್ದಳು. ಗಾಜಿನ ಚಾವಣಿಯ ಮೇಲೆ ಮೋಡ ಹಾದುಹೋದಾಗ ಹಜಾರವೆಲ್ಲ ಮಂಕಾಗುತ್ತಿತ್ತು.

"ಈಗ ಮೋಡ ಬಂತಲ್ವಾ?" ಎನ್ನುತ್ತಿದ್ದ ಅವನು.

"ಅದು ಹೇಗೆ ಗೊತ್ತಾಗುತ್ತೆ?"

"ಕೈ ತಣ್ಣಗಾಗುತ್ತೆ. ಅಷ್ಟೇ. ದೊಡ್ಡ ವಿದ್ಯೆಯೇನಲ್ಲ."

ಮನೆಯಲ್ಲಿ ಅಕ್ಕ ಇವಳನ್ನು ಗಮನಿಸುತ್ತಲೇ ಇದ್ದಳು. ಅಕ್ಕ ಶಾಲೆಯ ಟೀಚರು, ಅಡುಗೆಮನೆಯ ಮೇಜಿನ ಮೇಲೆ ಮಕ್ಕಳ ಉತ್ತರಪತ್ರಿಕೆ ಹರಡಿಕೊಂಡು ಕೂರುವುದು ಅವಳ ಅಭ್ಯಾಸ. ಒಂದು ಸಂಜೆ ತಂಗಿ ಎದುರಿಗೇ ಕಣ್ಣುಮುಚ್ಚಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ತುಟಿಯಂಚಿನಲ್ಲಿ ನಗುತ್ತ ಕೂತಿದ್ದಳು. ಮುಂದಿದ್ದ ಕಾಫಿ ತಣ್ಣಗಾಗಿ ಕೆನೆ ಕಟ್ಟಿತ್ತು.

"ಏ ಗಡಿಬಿಡಿ, ಹಾಡು ಕೇಳ್ತಿದ್ದೀಯಾ?"

"ಇಲ್ಲಕ್ಕಾ. ಕೊಡೆಗಳ ಪಟ್ಟಿ."

"ಕೊಡೆಗಳ ಪಟ್ಟಿ ಕೇಳಿ ನಾಚ್ಕೊಳ್ಳೋರನ್ನ ಇವತ್ತೇ ನೋಡಿದ್ದು. ಆ ಕೊಡೆಗಳ ಹಿಂದೆ ಯಾರಿದ್ದಾರೆ ಹೇಳು."

"ಯಾರೂ ಇಲ್ಲ, ಸುಮ್ನಿರೇ!"

"ಸರಿ ಸರಿ. ಅವರಿಗೂ ಒಂದು ಕಾಫಿ ಮಾಡ್ಲಾ, ಅಥವಾ ಇನ್ನೂ ಅಲ್ಲಿವರೆಗೂ ಬಂದಿಲ್ವಾ?"

ತಂಗಿ ಓಡಿಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಬಾಗಿಲ ಹಿಂದೆ ನಿಂತು ಎದೆ ಮೇಲೆ ಕೈಯಿಟ್ಟುಕೊಂಡಳು. ಹೌದು... ಪ್ರೀತಿಯಾಗಿತ್ತು. ಅವಳಿಗೇ ತಿಳಿಯದ ಹಾಗೆ, ಇಯರ್‌ಫೋನಿನ ವೈರಿನಷ್ಟು ದೂರದಲ್ಲಿ.

ಅವನಿಗಾಗಿ ಏನಾದರೂ ವಿಶೇಷವಾದದ್ದು ಮಾಡಬೇಕು! ಆ ಹುಮ್ಮಸ್ಸಿನಲ್ಲೇ ಅವಳು ಎಡವಿದ್ದು.

ಟೂಲಿನೊಳಗೆ ಒಂದು ಹೊಸ ವಿಧಾನ ಸೇರಿಸಿದಳು. ಅವನ ಲ್ಯಾಪ್‌ಟಾಪಿನಲ್ಲಿ ಅದು ತಾನಾಗೇ ಶುರುವಾಗುತ್ತದೆ. ಪಟ್ಟಿ ಕುಣಿಯುವುದಿಲ್ಲ, ಉತ್ತರ ಒಂದೇ ಸಲ ಬರುತ್ತದೆ. ಉಳಿದ ಎಲ್ಲರಿಗೂ ಬೆಳೆಯುವ ಬಳ್ಳಿ ಹಾಗೇ ಇರುತ್ತದೆ. ತಾನು ಕಟ್ಟಿದ ಚೆಂದವೂ ಉಳಿಯಿತು, ಅವನ ಕೆಲಸವೂ ಉಳಿಯಿತು ಎಂದು ಅವಳಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

"ಸ್ಪೀಕರಲ್ಲೇ ಹಾಕಿ," ಎಂದಳು ಮೂರನೇ ಕಿಟಕಿಯಲ್ಲಿ. "ಎಲ್ಲರೂ ಕೇಳಲಿ!"

ದೊಡ್ಡಮ್ಮ ಬಂದರು. ಉಳಿದ ಕಿಟಕಿಗಳವರೂ ಬಂದು ಸುತ್ತ ನಿಂತರು. ಕಿಟಕಿಯಾಚೆ ಸಾಲಿನಲ್ಲಿದ್ದ ಜನ ಕತ್ತು ಚಾಚಿದರು. ಅವನು ನಗುತ್ತಲೇ ಟೂಲ್ ಶುರು ಮಾಡಿದ.

"ದೃಷ್ಟಿಹೀನರ ವಿಶೇಷ ವಿಧಾನ ಆರಂಭವಾಗಿದೆ," ಎಂದಿತು ದನಿ.

ಅವನ ನಗು ಅಲ್ಲೇ ನಿಂತಿತು.

ಸಾಲಿನಲ್ಲಿದ್ದ ಹೆಂಗಸೊಬ್ಬಳು "ಅಯ್ಯೋ ಪಾಪ..." ಎಂದಳು. ಅವನು ಒಂದು ಕೊಡೆ ಹುಡುಕಿದ. ದನಿ ಉತ್ತರವನ್ನು ಒಂದೇ ಸಲ ಸರಿಯಾಗಿ ಓದಿ ಮುಗಿಸಿತು. ಸುತ್ತಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

"ಚೆನ್ನಾಗಿದೆ ಮೇಡಂ. ಥ್ಯಾಂಕ್ಸ್," ಎಂದ.

ಎಷ್ಟೋ ದಿನಗಳಿಂದ ಬಿಟ್ಟಿದ್ದ ಆ 'ಮೇಡಂ' ಅವಳಿಗೆ ಚುಚ್ಚಿತು. ಜನ ಚದುರುವವರೆಗೆ ಕಾದಳು.

"ಏನಾಯ್ತು? ಏನಾದ್ರೂ ತಪ್ಪಾಯ್ತಾ?"

"ಇಲ್ಲ. ಕೆಲಸ ಮಾಡುತ್ತೆ."

"ಮತ್ತೆ ಯಾಕೆ ಹೀಗೆ..."

ಅವನು ಲ್ಯಾಪ್‌ಟಾಪನ್ನು ಮುಚ್ಚಿ ಅದರ ಮೇಲೆ ಕೈಯಿಟ್ಟ.

"ಇಷ್ಟು ವರ್ಷ ಎಲ್ಲರೂ ಬರೋ ಬಾಗಿಲಲ್ಲೇ ನಾನೂ ಒಳಗೆ ಬರ್ತಿದ್ದೆ. ನೀವು ಆ ಬಾಗಿಲು ಕೆಡಿಸಿದ್ರಿ. ಈಗ ಹಿತ್ತಲಲ್ಲಿ ನನಗೇ ಅಂತ ಒಂದು ಬೇರೆ ಬಾಗಿಲು ಇಟ್ಟು ಬೋರ್ಡ್ ಹಾಕಿದ್ದೀರಿ. ದಿನಾ ಬೆಳಗ್ಗೆ ಇದು ನನಗೆ ನಾನು ಯಾರು ಅಂತ ಪಾಠ ಹೇಳಿಕೊಡುತ್ತೆ. ನಿಲ್ದಾಣಕ್ಕೆಲ್ಲ ಕೇಳೋ ಹಾಗೆ."

"ಆ ಸಾಲು ತೆಗೆದುಬಿಡ್ತೀನಿ! ಈಗಲೇ!"

"ಸಾಲು ತೆಗೀಬಹುದು. ಅದನ್ನ ಬರೆಸಿದ ಕನಿಕರ ಎಲ್ಲಿ ಹೋಗುತ್ತೆ?" ಅವನು ಇಯರ್‌ಫೋನಿನ ವೈರು ಸುತ್ತತೊಡಗಿದ. "ನೀವು ದಿನಾ ಬಂದು ಕೂರ್ತಿದ್ರಲ್ಲ... ನಾನು ಹುಚ್ಚು ಹುಚ್ಚಾಗಿ ಏನೇನೋ ಅಂದ್ಕೊಂಡಿದ್ದೆ. ಅದೂ ಇದೇ ಅಂತ ಈಗ ಗೊತ್ತಾಯ್ತು. ಇನ್ಮೇಲೆ ಬರೋದು ಬೇಡ. ದಯವಿಟ್ಟು."

"ಹಾಗಲ್ಲ..." ಎನ್ನಲು ಹೋದಳು. ತನ್ನ ಪ್ರೀತಿ ಇವನ ಕಿವಿಗೆ ಕನಿಕರವಾಗಿ ಕೇಳಿತಲ್ಲ! ಫೋನ್ ಹೊಡೆದುಕೊಂಡಿತು. ಅವನು ಎತ್ತಿಕೊಂಡ. ಅವಳು ಎದ್ದು ಬಂದಳು. ಆ ದಿನ ಅವಳು ಯಾವುದಕ್ಕೂ ಡಿಕ್ಕಿ ಹೊಡೆಯಲಿಲ್ಲ.

ಅವಳು ಕೊಟ್ಟಿದ್ದನ್ನು ಅವನು ಅದೇ ಸಂಜೆ ತೆಗೆಸಿಹಾಕಿದ ಎಂದು ದೊಡ್ಡಮ್ಮ ಫೋನ್ ಮಾಡಿ ಹೇಳಿದರು. "ಗೋದಾಮಿಗೇ ಹೋಗ್ತೀನಿ ಅಂತಿದ್ದಾನೆ. ಹಠಮಾರಿ. ಏನಾದ್ರೂ ಮಾಡಮ್ಮ. ತಿಂಗಳು ಮುಗೀತಾ ಬಂತು."

ಅವಳು ಅಕ್ಕನ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು. ಎಲ್ಲವನ್ನೂ ಹೇಳಿದಳು. ಅಕ್ಕ ಈ ಸಲ ಕಿಚಾಯಿಸಲಿಲ್ಲ. ತಲೆ ಸವರುತ್ತ ಕೇಳಿದಳು.

"ಒಂದು ಮಾತು ಹೇಳು. ಕೆಟ್ಟಿದ್ದು ಯಾವುದು?"

"ಟೂಲು."

"ನೀನು ರಿಪೇರಿ ಮಾಡಿದ್ದು ಯಾರನ್ನ?"

ಅವಳು ತಲೆಯೆತ್ತಿದಳು. ಅಳು ತಟ್ಟನೆ ನಿಂತಿತು.

ಮೊದಲ ದಿನವೇ ಅವನು ಹೇಳಿದ್ದನಲ್ಲ! ಕೆಟ್ಟಿರೋದು ಟೂಲು ಅಂತ. ಅವಳು ಆ ದೋಷವನ್ನು ಅಲ್ಲೇ ಬಿಟ್ಟು, ಅವನ ಸುತ್ತ ಒಂದು ತೇಪೆ ಹಾಕಿದ್ದಳು. ಯಾಕೆ? ಬೆಳೆಯುವ ಬಳ್ಳಿಯ ಮೇಲಿನ ಮೋಹಕ್ಕೆ. ಹೊಗಳಿಸಿಕೊಂಡದ್ದನ್ನು ಕಳೆದುಕೊಳ್ಳುವ ಮನಸ್ಸಿರಲಿಲ್ಲ. ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು.

ಬೆಳಗಾಗುತ್ತಲೇ ಬಾಸಿನ ಎದುರು ನಿಂತಳು. ಮಾತಿನ ಮಧ್ಯೆ ಮಣಿಕಟ್ಟು ನೋಡಿಕೊಳ್ಳುವ ಅವರಿಗೆ ತಂಡದವರು 'ಗಡಿಯಾರ' ಎಂದು ಹೆಸರಿಟ್ಟಿದ್ದರು.

"ಆ ಬೆಳೆಯೋ ಪಟ್ಟಿ ತೆಗೀತೀನಿ ಸರ್. ಎಲ್ಲರಿಗೂ. ಒಳಗಿಂದ ತುಂಡು ತುಂಡಾಗೇ ಬರಲಿ, ಪರವಾಗಿಲ್ಲ. ಆದ್ರೆ ಟೂಲು ಎಲ್ಲ ಬಂದಮೇಲೆ ಒಂದೇ ಸಲ ಬರೀಬೇಕು. ಮುಂಚಿನ ಹಾಗೆ."

"ತಲೆ ಸರಿ ಇದೆಯಾ? ಗ್ರಾಹಕರು ಅದನ್ನ ನೋಡಿಯೇ ಮರುಳಾಗಿದ್ದು! ಆ ಮೂರನೇ ಕಿಟಕಿಯವರೊಬ್ಬರಿಗೆ ಬೇರೆ ವಿಧಾನ ಮಾಡಿದ್ದೀಯಲ್ಲ, ಸಾಕು."

"ಸಾಲದು ಸರ್. ಕೂತ್ಕೊಳ್ಳಿ."

ಅವರ ಪರದೆಯನ್ನು ಆರಿಸಿದಳು. ಓದುವ ದನಿ ಹಾಕಿದಳು. "ನಿಮ್ಮ ಕಪ್ಪು ಕೊಡೆ ರೈಲಲ್ಲಿ ಬಿಟ್ಟಿದ್ದೀರಿ ಅಂದ್ಕೊಳ್ಳಿ. ಹುಡುಕಿ."

'ಹುಡುಕುತ್ತಿದೆ. ಕಪ್ಪು ಕೊಡೆ, ಮರದ ಹಿಡಿ. ಹುಡುಕುತ್ತಿದೆ...' ಗಡಿಯಾರದವರು ಮಣಿಕಟ್ಟು ನೋಡಿಕೊಂಡರು. ಮತ್ತೆ ನೋಡಿಕೊಂಡರು. ಬೆವರು ಒರೆಸಿಕೊಂಡರು.

"ಸಾಕು ನಿಲ್ಲಿಸು ಮಾರಾಯ್ತಿ! ಹೊಸ ಕೊಡೆ ತಗೋತೀನಿ!"

"ನಮ್ಮ ಗ್ರಾಹಕ ಕಂಪನಿಗಳವರು ಈ ಉತ್ತರಾನ ಫೈಲಿಗೆ ತುಂಬಿಕೊಂಡ್ರೂ ಇದೇ ಗತಿ ಸರ್. ಒಂದೇ ಸಾಲು ನೂರು ಸಲ ಬಂದು ಕೂರುತ್ತೆ. ಪರೀಕ್ಷೆ ಮಾಡಿ ನೋಡಿದೆ. ಅವರಿಗೆ ಇನ್ನೂ ಗೊತ್ತಾಗಿಲ್ಲ, ಅಷ್ಟೇ."

ಗಡಿಯಾರದವರು ಬಹಳ ಹೊತ್ತು ಮೂಗು ಉಜ್ಜಿಕೊಂಡರು. ಕೊನೆಗೆ, "ತೆಗಿ. ಚೆನ್ನಾಗಿತ್ತು, ಪಾಪ," ಎಂದರು.

ಅವಳು ತಾನು ಕಟ್ಟಿದ್ದನ್ನು ತಾನೇ ಬಿಚ್ಚಿದಳು. ಹೊಸ ವಿಧಾನವನ್ನೂ ಅದರ ಬೋರ್ಡನ್ನೂ ಅಳಿಸಿದಳು. ಕೊನೆಗೆ ಉಳಿದದ್ದು ಸಾದಾಸೀದಾ ಕಪ್ಪು ಪರದೆ. ಕೇಳಿದರೆ ಒಂದೇ ಸಲ ಪೂರ್ತಿ ಉತ್ತರ. ಅದನ್ನು ಎಲ್ಲರಿಗೂ ಕಳಿಸಿದಳು. ಯಾರಿಗೋಸ್ಕರ ಎಂದು ಎಲ್ಲೂ ಬರೆಯಲಿಲ್ಲ.

ಹಜಾರಕ್ಕೂ ಹೋಗಲಿಲ್ಲ. ಬರಬೇಡಿ ಎಂದಿದ್ದನಲ್ಲ.

ಅಲ್ಲಿ ನಡೆದದ್ದನ್ನು ದೊಡ್ಡಮ್ಮನೇ ಫೋನಿನಲ್ಲಿ ಹೇಳಿದರು. ಗೋದಾಮಿಗೆ ಹೋಗಬೇಕಿದ್ದ ದಿನದ ಹಿಂದಿನ ದಿನ ಅವನು ಟೂಲ್ ತೆರೆದ. ದನಿ ಯಾವ ಪಾಠವನ್ನೂ ಹೇಳಲಿಲ್ಲ. ಕೈಚೀಲವೊಂದನ್ನು ಹುಡುಕಿದ. ಮೊದಲಿಂದ ಕೊನೆಯವರೆಗೆ ಒಂದೇ ಸಲ ಓದಿ, ದನಿ ಸುಮ್ಮನಾಯಿತು. ಅವನು ಇನ್ನೊಂದನ್ನು ಹುಡುಕಿದ. ಮತ್ತೊಂದನ್ನು ಹುಡುಕಿದ. ದೊಡ್ಡಮ್ಮ ಉಳಿದ ಕಿಟಕಿಗಳವರನ್ನೂ ಕೇಳಿದರು. ಅವರಿಗೂ ಅದೇ ಬಂದಿತ್ತು. ಮಧ್ಯಾಹ್ನದೊಳಗೆ ಮೂರನೇ ಕಿಟಕಿಯ ಸಾಲು ಎಲ್ಲಕ್ಕಿಂತ ಬೇಗ ಕರಗಿತು. ದೊಡ್ಡಮ್ಮ ಮೇಲಿನವರನ್ನು ಕರೆತಂದು ಸಾಲು ಕರಗಿದ ಆ ಖಾಲಿ ಜಾಗವನ್ನು ತೋರಿಸಿದರು. ಕಿಟಕಿ ಉಳಿಯಿತು.

ಆದರೆ ಅವನಿಂದ ಒಂದು ಮಾತೂ ಬರಲಿಲ್ಲ.

ದಿನಗಳು ಕಳೆದವು. ಅವಳು ಫೋನ್ ನೋಡುವುದು, ಇಡುವುದು. 'ಕೆಲಸ ಉಳೀತಲ್ಲ, ಅಷ್ಟು ಸಾಕು' ಎಂದುಕೊಳ್ಳುವುದು. ಸಾಕಾಗುತ್ತಿರಲಿಲ್ಲ.

ಒಂದು ದಿನ ದೂರುಗಳ ನಡುವೆ ಆ ಹೆಸರು ಕಂಡಿತು. ಮೂರನೇ ಕಿಟಕಿ! ತಕ್ಷಣ ತೆರೆದಳು.

'ಯಾವುದಾದರೂ ದಾಖಲೆಯನ್ನು ಅಳಿಸುವಾಗ ಟೂಲ್ ಪ್ರತಿ ಸಲವೂ "ಖಚಿತವೇ?" ಎಂದು ಕೇಳುತ್ತದೆ. ಹೌದು ಎಂದು ಒತ್ತಿ ಒತ್ತಿ ಸಾಕಾಗಿದೆ. ಆ ಪ್ರಶ್ನೆಯನ್ನು ತೆಗೆದುಹಾಕಬೇಕಾಗಿ ಕೋರಿಕೆ.'

ಇಷ್ಟೇ! ಒಂದು 'ಹೇಗಿದ್ದೀರಿ' ಕೂಡ ಇಲ್ಲ. ಇಷ್ಟು ದಿನದ ಕಾಯುವಿಕೆಯೆಲ್ಲ ಸಿಟ್ಟಾಗಿ ತಲೆಗೇರಿತು. ಗಡಿಬಿಡಿಯಲ್ಲೇ ಉತ್ತರ ಬರೆದಳು.

'ಆಗುವುದಿಲ್ಲ. ಕಿರಿಕಿರಿಯಾದರೂ ಕೇಳಿಯೇ ಕೇಳುತ್ತದೆ. ತಪ್ಪು ಕೀ ಒತ್ತುವುದರಲ್ಲಿ ನೀವು ಯಾರಿಗೂ ಕಡಿಮೆಯಿಲ್ಲ. ನೀವೂ ಎಲ್ಲರ ಹಾಗೇ ತಪ್ಪು ಮಾಡುತ್ತೀರಿ. ಕೋರಿಕೆ ತಿರಸ್ಕರಿಸಲಾಗಿದೆ.'

ಕಳಿಸಿದ ಮೇಲೆ ಹಣೆ ಚಚ್ಚಿಕೊಂಡಳು. ಅಯ್ಯೋ ದೇವರೇ, ಏನು ಬರೆದುಬಿಟ್ಟೆ!

ಸಂಜೆ ಆಫೀಸಿನಿಂದ ಇಳಿದು ಬಸ್ ನಿಲ್ದಾಣಕ್ಕೆ ಬಂದಾಗ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಅಂಗಡಿಗಳ ದೀಪಗಳು ಆಗತಾನೇ ಹತ್ತುತ್ತಿದ್ದವು. ಸಾಲಿನ ಕೊನೆಯಲ್ಲಿ ನೀಲಿ ಅಂಗಿ, ಬಿಳಿ ಕೋಲು.

ಅವಳು ನಿಂತಲ್ಲೇ ನಿಂತಳು. ಹಿಂದಿನಿಂದ ಬಂದವರು ಅವಳಿಗೆ ಡಿಕ್ಕಿ ಹೊಡೆದು ಬೈದರು. ಆ ಬೈಗುಳ ಕೇಳಿ ಅವನು ತಿರುಗಿದ.

"ಅಲ್ಲಿರೋದು ಗಡಿಬಿಡಿ ಮೇಡಂ ತಾನೇ?"

"ಹ್ಞೂಂ," ಎಂದಳು. "ನೀವು ಇಲ್ಲಿ?"

"ತಿರಸ್ಕಾರದ ವಿಷಯ ಮಾತಾಡೋಕೆ ಬಂದೆ. ನೀವು ಬಸ್ ಹತ್ತೋ ಜಾಗ ದೊಡ್ಡಮ್ಮ ಹೇಳಿದ್ರು."

"ಸಿಟ್ಟಾಗಿದ್ದೀರಾ? ನಾನು ಹಾಗೆ ಬರೀಬಾರದಿತ್ತು..."

"ಸಿಟ್ಟಾ?" ಅವನು ನಗತೊಡಗಿದ. "ಆ ಉತ್ತರಾನ ಮತ್ತೆ ಮತ್ತೆ ಕೇಳಿದೆ. ನಗು ತಡೆಯೋಕೆ ಆಗ್ಲಿಲ್ಲ. ದೊಡ್ಡಮ್ಮ ಬಂದು ಹಣೆ ಮುಟ್ಟಿ ನೋಡಿದ್ರು. ನಾನೂ ಎಲ್ಲರ ಹಾಗೇ ತಪ್ಪು ಮಾಡ್ತೀನಂತೆ! ಇಷ್ಟು ವರ್ಷದಲ್ಲಿ ಯಾರೂ ನನಗೆ ಹಾಗೆ ಬೈದಿರ್ಲಿಲ್ಲ. ಎಲ್ಲರೂ ಮೆತ್ತಗೆ ಮಾತಾಡಿ ಹೋಗ್ತಾರೆ." ನಗು ನಿಂತಿತು. "ಕನಿಕರ ಇರೋರು ಹೀಗೆ ಬೈಯಲ್ಲ."

ಅವಳ ಕಣ್ಣು ತುಂಬಿ ಬಂತು.

"ಕನಿಕರವಂತೆ ಕನಿಕರ! ನಿಮ್ಮ ಮೇಲೆ ನನಗೆ ಬರೋ ಸಿಟ್ಟು ಎಷ್ಟು ಅಂತ ಗೊತ್ತಾ? ಒಂದು ಫೋನ್ ಮಾಡಲ್ಲ, ಚೆನ್ನಾಗಿದ್ದೀಯಾ ಅಂತ ಕೇಳಲ್ಲ, ಕೋರಿಕೆಯಂತೆ! ದಿನಾ ಬಂದು ಕೂತಿದ್ದು ನಿಮ್ಮ ಪಕ್ಕ ಕೂರೋಕೆ ಇಷ್ಟ ಅಂತ. ಆ ಹಾಳು ವಿಧಾನ ಮಾಡಿದ್ದು ತಪ್ಪೇ, ಒಪ್ತೀನಿ. ಆದ್ರೆ ಅದನ್ನ ಮಾಡಿಸಿದ್ದು ಕನಿಕರ ಅಲ್ಲ. ಪ್ರೀತಿ. ಪ್ರೀತಿ ಮಾಡೋದೂ ನನಗೆ ಗಡಿಬಿಡೀಲೇ ಬರೋದು... ಏನ್ಮಾಡ್ಲಿ!"

ಸಾಲಿನಲ್ಲಿದ್ದವರು ತಿರುಗಿ ನೋಡಿದರು. ನೋಡಲಿ ಎಂದುಕೊಂಡಳು.

ಅವನ ಮುಖದ ಮೇಲೆ ಅಂಗಡಿಯ ಬೆಳಕು ಬಿದ್ದಿತ್ತು.

"ತಪ್ಪು ಕೀ ಒತ್ತೋದು ನನಗೂ ಅಭ್ಯಾಸ," ಮೆಲ್ಲಗೆ ಹೇಳಿದ. "ಬರಬೇಡಿ ಅಂತ ನಿಮ್ಮನ್ನ ಕಳಿಸಿಬಿಟ್ಟೆ. ಆಗ 'ಖಚಿತವಾ' ಅಂತ ನನ್ನನ್ನ ಯಾರೂ ಕೇಳ್ಲಿಲ್ಲ. ಕೇಳಿದ್ರೆ ಅಲ್ಲೇ ಇಲ್ಲ ಅಂದುಬಿಡ್ತಿದ್ದೆ. ಆಮೇಲೆ ಫೋನ್ ಮಾಡೋಕೆ ಧೈರ್ಯ ಬರ್ಲಿಲ್ಲ. ನಿಮ್ಮ ಹತ್ರ ಮಾತಾಡೋಕೆ ನನಗೆ ಗೊತ್ತಿರೋ ದಾರಿ ಒಂದೇ. ಅದಕ್ಕೇ ದೂರು ಬರೆದೆ."

ಬಸ್ ಬಂತು. ಸಾಲು ಕರಗಿತು. ಬಸ್ ಹೋಯಿತು. ಇಬ್ಬರೂ ಹತ್ತಲಿಲ್ಲ.

"ನನಗೆ ನೀನು ಬೇಕು," ಎಂದ ಅವನು. "ಬೈಯೋಕೆ, ಜಗಳ ಆಡೋಕೆ, ಪಕ್ಕದಲ್ಲಿ ಕೂರೋಕೆ. ದಿನಾ."

ಅವಳು ಕಣ್ಣೊರೆಸಿಕೊಂಡು ಹತ್ತಿರ ಬಂದಳು. ಅವನ ಕೈ ಹಿಡಿದಳು.

"ಖಚಿತವಾ?"

"ಹೌದು."

"ಇನ್ನೊಂದ್ಸಲ ಕೇಳ್ತೀನಿ. ಖಚಿತವಾ?"

"ಹೌದು, ಮಾರಾಯ್ತಿ!"

"ಜೀವನಪೂರ್ತಿ ಹೀಗೇ ಕೇಳ್ತಿರ್ತೀನಿ. ಕಿರಿಕಿರಿ ಆಗಲ್ವಾ?"

"ಆಗುತ್ತೆ," ಅವನು ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡ. "ಆದ್ರೂ ಕೇಳು."